ಕತ್ತಲಿಗೆ ಕಾದ ಗೂಬೆ

ಬೇಸಿಗೆಯಲ್ಲಿ ಉತ್ತರದ ಹಿಮನಾಡಿನ ಕಾಡಿಗೆ ವಲಸೆ ಬಂದ ಮುದಿಗೂಬೆಯೊಂದು, ಹಾಡುಹಗಲೇ ಇಲಿ ಹಿಡಿಯುತ್ತಿದ್ದ ಅಲ್ಲಿನ ಹಗಲುಗೂಬೆಯನ್ನು ಕಂಡು ಕೆಂಡವಾಯಿತು. "ಗೂಬೆಯಾಗಿ ಹುಟ್ಟಿ ಬಿಸಿಲಲ್ಲಿ ಬೇಟೆಯೇ? ಕುಲದ ಮಾನ ಕಳೆದೆಯಲ್ಲೇ! ನಾನಂತೂ ಕತ್ತಲಾಗದೆ ರೆಕ್ಕೆ ಬಿಚ್ಚುವವನಲ್ಲ."

ಹಗಲುಗೂಬೆಗೆ ಚುರ್ರೆಂದಿತು. ಆದರೂ ಅದು ಮರಿಗಳಿಗೆ ಉಣಿಸಿ, ಮಿಕ್ಕ ಇಲಿಗಳನ್ನು ಪೊಟರೆಯಲ್ಲಿ ಬಚ್ಚಿಟ್ಟಿತು.

ಸೂರ್ಯ ಕಾಡಿನಂಚಿಗೆ ಇಳಿದ, ಮುಳುಗದೆ ಮತ್ತೆ ಮೇಲೇರಿದ. ಮೂರನೆಯ ದಿನವೂ ಅಷ್ಟೇ. ಹಸಿವಿಗೆ ತೂರಾಡುತ್ತಿದ್ದ ಮುದಿಗೂಬೆಯ ಮುಂದೆ ಹಗಲುಗೂಬೆ ಕೊಬ್ಬಿದ ಇಲಿಯೊಂದನ್ನು ತಂದಿಟ್ಟಿತು.

ಅದನ್ನು ಒಂದೇ ಗುಟುಕಿಗೆ ನುಂಗಿ ಮುದಿಗೂಬೆ ಕೇಳಿತು: "ಮಗಳೇ, ಇಲ್ಲಿ ಕತ್ತಲಾಗುವುದು ಯಾವಾಗ?"

"ಇನ್ನೆರಡು ತಿಂಗಳಾಗಬೇಕು, ಅಜ್ಜಾ."

ಹಗಲುಗೂಬೆ ಎದೆಯುಬ್ಬಿಸಿ ಬಿಸಿಲಿಗೆ ಹಾರಿತು. ಅದರ ಹಿಂದೆಯೇ ಮುದಿಗೂಬೆಯೂ ರೆಕ್ಕೆ ಬಿಚ್ಚಿತು.