ಗಿರಿಯವ್ವ ಒಲ್ಲೆನೆಂದ ಆರುಬಾಯಿ ಕೋವಿಗಳು

ಹತ್ತಿರ ಬಂದು ಕೂತುಕೊಳ್ಳಿ, ದೂರ ಕೂತವರಿಗೆ ಗಿರಿಯವ್ವನ ಕಥೆ ಅರ್ಧವೇ ಕೇಳಿಸುತ್ತದೆ. ಬಹಳ ಹಿಂದೆ ಒಂದೂರಿತ್ತಂತೆ. ಎಷ್ಟು ಹಿಂದೆ ಅಂದರೆ, ನನ್ನಜ್ಜನ ಅಜ್ಜನೂ ಇದನ್ನು ಬಹಳ ಹಿಂದೆ ಅಂತಲೇ ಶುರು ಮಾಡುತ್ತಿದ್ದನಂತೆ. ಯಾವ ಊರು ಅಂತ ಕೇಳಬೇಡಿ, ನೀವು ಕೂತಿರುವುದು ಅದರ ಕಟ್ಟೆಯ ಮೇಲೆಯೇ. ಊರಿಗೊಬ್ಬ ದೊರೆ, ದೊರೆಗೊಂದು ಕೋಟೆ, ಕೋಟೆಯ ಬೆನ್ನಿಗೆ ಕೋವಿಕೇರಿ. ಕೇರಿಯ ತುಂಬ ಕಮ್ಮಾರರು. ಕೋವಿ ಮಾಡುವುದು ಬಿಟ್ಟರೆ ಅವರಿಗೆ ಗೊತ್ತಿದ್ದದ್ದು ಎರಡೇ, ಹೊಟ್ಟೆತುಂಬ ಉಣ್ಣುವುದು ಮತ್ತು ಬಾಯಿತುಂಬ ಬಡಾಯಿ ಕೊಚ್ಚುವುದು.

ಆ ಕೇರಿಯ ಯಜಮಾನ ಸೋಮಾಚಾರಿ. ಅವನ ಹೆಂಡತಿ ಗಿರಿಯವ್ವ. ಸೋಮಾಚಾರಿಯ ಮೀಸೆ ದೊಡ್ಡದು, ಗಿರಿಯವ್ವನ ಮಾತು ದೊಡ್ಡದು. ಕೇರಿಯಲ್ಲಿ ಯಾರು ಹೊಸ ಕೋವಿ ಮಾಡಿದರೂ ಮೊದಲು ಅವಳ ಕೈಗೆ ಕೊಡಬೇಕಿತ್ತಂತೆ. ಅವಳು ಅದನ್ನು ಕಿವಿಗೆ ಹಚ್ಚಿ, ಗುಂಡು ಹಾಕದೆ ಅದರ ಕುದುರೆಯನ್ನು, ಅಂದರೆ ಬೆರಳಿಂದ ಎಳೆಯುವ ಕೀಲನ್ನು, ಎಳೆಯುವಳು, ಬಿಡುವಳು, ಮತ್ತೆ ಎಳೆಯುವಳು. ಸರಿಯಿದ್ದರೆ "ಸೈ" ಅನ್ನುವಳು. ಇಲ್ಲದಿದ್ದರೆ "ಒಲ್ಲೆ" ಅನ್ನುವಳು. ಒಲ್ಲೆ ಅಂದ ಕೋವಿ ಮತ್ತೆ ಕುಲುಮೆಗೇ ಹೋಗಬೇಕು. ಅವಳ ಕಿವಿ ಎಂಥದ್ದು ಅಂದರೆ, ಕೋವಿಯ ಕೊಳವೆಯೊಳಗೆ ಇರುವೆ ನಡೆದರೂ ಕೇಳಿಸುತ್ತಿತ್ತಂತೆ. ಇರುವೆ ಗಂಡೋ ಹೆಣ್ಣೋ ಅನ್ನುವುದೂ ಗೊತ್ತಾಗುತ್ತಿತ್ತು ಅಂತ ನನ್ನಜ್ಜಿ ಸೇರಿಸುತ್ತಿದ್ದಳು. ಅಜ್ಜಿ ಹಾಗೆಯೇ, ಉಪ್ಪು ಸ್ವಲ್ಪ ಜಾಸ್ತಿ ಹಾಕುವವಳು.

ಹೀಗಿರುವಾಗ ಯಾವನೋ ಪರದೇಶಿ ವ್ಯಾಪಾರಿ ದೊರೆಗೆ ಒಂದು ಸಣ್ಣ ಕೋವಿ ತೋರಿಸಿದನಂತೆ. ಅದಕ್ಕೆ ಹೊಟ್ಟೆಯಲ್ಲಿ ತಿರುಗುವ ಗಾಲಿ, ಗಾಲಿಯಲ್ಲಿ ಆರು ತೂತು. ಒಂದೊಂದು ಸಲ ಹೊಡೆದಾಗಲೂ ಗಾಲಿ ತಿರುಗಿ ಮುಂದಿನ ತೂತು ಕೊಳವೆಯ ಎದುರಿಗೆ ಬಂದು ನಿಲ್ಲುತ್ತಿತ್ತು. ನೀವು ಈಗ ರಿವಾಲ್ವರ್ ಅಂತೀರಲ್ಲ, ಅದೇ. ನಮ್ಮವರು ಅದಕ್ಕೆ ಆರುಬಾಯಿ ಅಂದರು. ದೊರೆಗೆ ಆಸೆ ಹುಟ್ಟಿತು. ಮಗಳು ಲಿಂಗಾಜಮ್ಮನ ಮದುವೆ ಗೊತ್ತಾಗಿತ್ತು. ದಿಬ್ಬಣದ ಕುದುರೆ ಸವಾರರೆಲ್ಲ ಆರುಬಾಯಿ ಹಿಡಿದು ಆಕಾಶಕ್ಕೆ ಹೊಡೆಯಬೇಕು, ಬೀಗರ ಕಡೆಯವರು ಬಾಯಿ ಬಿಟ್ಟು ನೋಡಬೇಕು ಅಂದನಂತೆ. ಸೋಮಾಚಾರಿ ಮೀಸೆ ತಿರುವಿ ಆಗಲಿ ಅಂದುಬಿಟ್ಟ.

ಈಗ ನೋಡಿ, ಎಡವಟ್ಟು ಆದದ್ದು ಇಲ್ಲೇ. ಕೇರಿಯಲ್ಲಿ ಮನೆಗೊಂದು ಅಳತೆಗೋಲಿತ್ತು. ಆ ಮನೆಯ ಮೂಲಪುರುಷನ ಕಿರುಬೆರಳಿನ ದಪ್ಪವನ್ನು ಗೀರಿದ ಕಂಚಿನ ಕೋಲು. ಅದು ದೇವರ ಜಗಲಿಯ ಮೇಲೆ ಇರುತ್ತಿತ್ತು. ಬೇರೆ ಮನೆಯವರಿಗೆ ತೋರಿಸುವಂತಿಲ್ಲ, ಅಣ್ಣತಮ್ಮಂದಿರು ಬೇರೆಯಾದರೂ ತೋರಿಸುವಂತಿಲ್ಲ. ಅಲ್ಲಿಯವರೆಗೆ ಒಂದೊಂದು ಮನೆ ತನ್ನ ಕೋವಿಯನ್ನು ಪೂರ್ತಿ ತಾನೇ ಮಾಡುತ್ತಿತ್ತು, ಹಾಗಾಗಿ ತೊಂದರೆ ಇರಲಿಲ್ಲ. ಮದುವೆ ಹತ್ತಿರ ಬಂತು ಅಂತ ಈ ಸಲ ಕೆಲಸ ಹಂಚಿಕೊಂಡರು. ಒಂದು ಮನೆಗೆ ಕೊಳವೆ, ಒಂದು ಮನೆಗೆ ಗಾಲಿ, ಇನ್ನೊಂದಕ್ಕೆ ಕುದುರೆ. ಕೆಲಸ ಹಂಚಿಕೊಂಡರು, ಕೋಲು ಹಂಚಿಕೊಳ್ಳಲಿಲ್ಲ.

ಆರುಬಾಯಿಗಳು ಸಿದ್ಧವಾದವು. ಬೆಳ್ಳಗೆ ಫಳಫಳ ಹೊಳೆಯುತ್ತಿದ್ದವು. ಅರಮನೆಯ ಕಾರಭಾರಿಯೇ ಒಯ್ಯಲು ಬಂದ. ಗಿರಿಯವ್ವ ಒಂದನ್ನು ಕಿವಿಗೆ ಹಚ್ಚಿ ಗಾಲಿ ತಿರುಗಿಸಿದಳು. ಒಲ್ಲೆ ಅಂದಳು. ಇನ್ನೊಂದು ತಗೊಂಡಳು, ಒಲ್ಲೆ. ಮತ್ತೊಂದು, ಒಲ್ಲೆ. ಎಲ್ಲವೂ ಒಲ್ಲೆ! ಕಾರಭಾರಿ ಸಿಟ್ಟಿಗೆದ್ದು, ಹೆಂಗಸಿನ ಕಿವಿ ಕೇಳಿ ಅರಮನೆ ನಡೆಯುವುದಿಲ್ಲ ಅಂದನಂತೆ. ಗಿರಿಯವ್ವ ಹಗ್ಗ ತರಿಸಿದಳು. ಒಂದು ಕೋವಿಯನ್ನು ಬೇವಿನ ಮರಕ್ಕೆ ಕಟ್ಟಿಸಿ, ಅದರ ಕುದುರೆಯನ್ನು ಉದ್ದ ಹಗ್ಗದಿಂದ ದೂರ ನಿಂತು ಎಳೆಸಿದಳು. ಗುಂಡು ಗಾಲಿಯ ತೂತಿನಿಂದ ಹೊರಟಿತು, ಆದರೆ ಕೊಳವೆಯೊಳಗೆ ನೆಟ್ಟಗೆ ಹೋಗಲಿಲ್ಲ. ಕೊಳವೆಯ ಅಂಚಿಗೆ ತಗುಲಿ, ಒಡೆದು, ಪಕ್ಕಕ್ಕೆ ಸಿಡಿದು, ಕಾರಭಾರಿಗೆಂದು ತಂದಿಟ್ಟಿದ್ದ ಮಜ್ಜಿಗೆಯ ಗಡಿಗೆ ಒಡೆಯಿತು. ಮಜ್ಜಿಗೆಯೆಲ್ಲ ಕಾರಭಾರಿಯ ಮುಖಕ್ಕೆ! ಒಗ್ಗರಣೆಯ ಕರಿಬೇವು ಅವನ ಹುಬ್ಬಿನ ಮೇಲೆ ಕೂತಿತ್ತಂತೆ.

"ಗಡಿಗಿ ಹೋತು, ಪುಣ್ಯಾ," ಅಂದಳು ಗಿರಿಯವ್ವ. "ಕೈಯಾಗ ಹಿಡದಿದ್ರ ಬೆರಳ ಹೋಗತಿದ್ವು."

ಕಾರಭಾರಿ ಮುಖ ಒರೆಸಿಕೊಂಡು ಹೋದ. ದೊರೆಯ ಅಪ್ಪಣೆ ಬಂತು. ಮದುವೆಯ ಹೊತ್ತಿಗೆ ಆರುಬಾಯಿ ಬರದಿದ್ದರೆ ಕೋವಿಕೇರಿ ಖಾಲಿ ಮಾಡಬೇಕು, ಬೇರೆ ಊರಿನ ಕಮ್ಮಾರರು ಬಂದು ಸೇರುತ್ತಾರೆ. ಗಿರಿಯವ್ವ ಒಂದು ಸಲ ಸೈ ಅಂದಿದ್ದರೆ ಮನೆಗಳು ಉಳಿಯುತ್ತಿದ್ದವು, ಆದರೆ ದಿಬ್ಬಣದ ಹುಡುಗರಲ್ಲಿ ಯಾರದೋ ಕೈ ಹೋಗುತ್ತಿತ್ತು. ಸೋಮಾಚಾರಿ ಹೆಂಡತಿಯನ್ನು ಬೇಡಿಕೊಂಡನಂತೆ. ಅವಳು ಅತ್ತಳಂತೆ, ಆದರೆ ಸೈ ಅನ್ನಲಿಲ್ಲ. ಗಂಡಸರು ಒಬ್ಬರ ಮೇಲೊಬ್ಬರು ಹರಿಹಾಯ್ದರು. ನಮ್ಮ ಕೊಳವೆ ಸರಿ ನಿಮ್ಮ ಗಾಲಿ ಸೊಟ್ಟ, ನಮ್ಮ ಗಾಲಿ ಸರಿ ನಿಮ್ಮ ಕಣ್ಣೇ ಸೊಟ್ಟ. ಕೋಲು ತನ್ನಿ, ನೋಡೋಣ ಅಂದರೆ ಮಾತ್ರ ಎಲ್ಲರೂ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಗಂಡಸರು ಇದ್ದಿಲು ತರಲು ಗುಡ್ಡಕ್ಕೆ ಹೋದ ದಿನ ಗಿರಿಯವ್ವ ಕೇರಿಯ ಹೆಂಗಸರನ್ನೆಲ್ಲ ಅರಿಸಿನ ಕುಂಕುಮಕ್ಕೆ ಕರೆದಳಂತೆ. ದೇವರ ಜಗಲಿ ತೊಳೆಯುವವರು ಯಾರು? ಹೆಂಗಸರು. ಕೋಲು ಒರೆಸಿ ಇಡುವವರು ಯಾರು? ಹೆಂಗಸರು. ಬರುವಾಗ ಒಬ್ಬೊಬ್ಬರ ತಟ್ಟೆಯಲ್ಲೂ ಅರಿಸಿನದ ಕೊಂಬು, ವೀಳ್ಯದೆಲೆ, ಎಲೆಯ ಕೆಳಗೆ ಕಂಚಿನ ಕೋಲು. ಬಾವಿಯ ಕಟ್ಟೆಯ ಮೇಲೆ ಕೋಲುಗಳನ್ನು ಸಾಲಾಗಿ ಇಟ್ಟು ನೋಡುತ್ತಾರೆ, ಒಂದರ ಗೀರು ಇನ್ನೊಂದಕ್ಕೆ ಕೂಡುವುದಿಲ್ಲ! ಕೂದಲೆಳೆಯಷ್ಟು ಹೆಚ್ಚು, ಕೂದಲೆಳೆಯಷ್ಟು ಕಡಿಮೆ. ಎಲ್ಲಕ್ಕಿಂತ ಸಣ್ಣ ಗೀರು ಯಾರ ಮನೆಯದು ಗೊತ್ತೇ? ನಮ್ಮ ಮೂಲಪುರುಷನ ಬೆರಳು ಬಾಳೆಕಾಯಿಯಷ್ಟಿತ್ತು ಅಂತ ಮೀಸೆ ತಿರುವುತ್ತಿದ್ದ ಸೋಮಾಚಾರಿಯದು. ಗಿರಿಯವ್ವ ನಗಲು ಶುರು ಮಾಡಿದಳು, ಹಿಂದೆಯೇ ಎಲ್ಲರೂ. ಆ ನಗು ಗುಡ್ಡದ ಮೇಲಿದ್ದ ಗಂಡಸರಿಗೂ ಕೇಳಿಸಿತಂತೆ.

ಗಂಡಸರು ಓಡಿ ಬಂದರು. ಕೋಲುಗಳು ಬಯಲಲ್ಲಿ ಮಲಗಿದ್ದನ್ನು ಕಂಡು ಕೂಗಾಡಿದರು. ಕೂಗಾಡುತ್ತ ಬಗ್ಗಿ ನೋಡಿದರು. ನೋಡಿದ ಮೇಲೆ ಕೂಗು ಸಣ್ಣದಾಯಿತು, ಆಮೇಲೆ ನಿಂತೇಹೋಯಿತು. ಒಂದೇ ಕೋಲು ಬೇಕು ಅನ್ನುವುದನ್ನು ಎಲ್ಲರೂ ಒಪ್ಪಿದರು. ಆದರೆ ಯಾರ ಮನೆಯದು? ಮತ್ತೆ ಜಗಳ.

ಗಿರಿಯವ್ವ ನೆಟ್ಟಗೆ ಅರಮನೆಗೆ ನಡೆದಳಂತೆ. ಮದುಮಗಳು ಲಿಂಗಾಜಮ್ಮನಿಗೆ ಇದ್ದದ್ದು ಇದ್ದಹಾಗೆ ಹೇಳಿ, ನಿನ್ನ ಕಿರುಬೆರಳು ಕೊಡು ತಾಯಿ, ಅದು ನಮ್ಮ ಯಾವ ಮನೆಯದೂ ಅಲ್ಲ ಅಂದಳು. ಹುಡುಗಿ ನಕ್ಕು, ಮೈಗೆ ಅರಿಸಿನ ಹಚ್ಚಿಸಿಕೊಳ್ಳುತ್ತಿದ್ದವಳು ಹಾಗೆಯೇ ಎದ್ದು ಕೇರಿಗೆ ಬಂದು ಬಾವಿಕಟ್ಟೆಯ ಮೇಲೆ ಬೆರಳಿಟ್ಟಳಂತೆ. ಆ ಬೆರಳಿನ ದಪ್ಪ ಒಂದು ಹೊಸ ಕೋಲಿಗೆ ಇಳಿಯಿತು, ಆ ಒಂದು ಕೋಲಿನಿಂದ ಎಲ್ಲ ಮನೆಗೂ ಕೋಲು ಇಳಿಯಿತು. ಹೊರಡುವಾಗ ಅವಳು ಒಂದು ಮಾತು ಹೇಳಿದಳು.

"ಅಪ್ಪಾಜಿಗೆ ನಾ ಹೇಳತೀನಿ. ಗಿರಿಯವ್ವ ಸೈ ಅನ್ನೂತನಕಾ ನಾ ಮದವಿ ಹಸಿಮಣಿ ಏರಂಗಿಲ್ಲ."

ಮಗಳ ಹಟಕ್ಕೆ ದೊರೆ ಸೋತ, ಮುಹೂರ್ತ ಮುಂದೆ ಹೋಯಿತು. ಕುಲುಮೆಗಳು ಉರಿದವು. ಬೀಗರ ಕಡೆಯವರು ಬಂದವರು ಬಂದಹಾಗೆ ಕೂತು ಹೋಳಿಗೆ ತಿಂದರು, ಮರುದಿನವೂ ತಿಂದರು, ಅದರ ಮರುದಿನವೂ ತಿಂದರು. ಮದುಮಗನಿಗೆ ಹೊಲಿಸಿದ್ದ ಅಂಗಿ ಬಿಗಿಯಾಗಿ ಬೇರೆ ಹೊಲಿಸಬೇಕಾಯಿತಂತೆ.

ಕಡೆಗೆ ಹೊಸ ಆರುಬಾಯಿಗಳು ಕೋಟೆಯ ಬಯಲಿಗೆ ಬಂದವು. ಗಿರಿಯವ್ವ ಒಂದೊಂದನ್ನೂ ಕಿವಿಗೆ ಹಚ್ಚಿದಳು, ಒಂದೊಂದಕ್ಕೂ ತಲೆಯಾಡಿಸಿದಳು. ಆದರೂ ಸೈ ಅನ್ನಲಿಲ್ಲ. ದೊರೆ ಇನ್ನೇನು ಅಂದ. ಮಾಡಿದವರು ಮೊದಲು ಹೊಡೆಯಲಿ, ಪಕ್ಕದಲ್ಲಿ ಅವರವರ ಹೆಂಡತಿ ನಿಲ್ಲಲಿ, ತಾವು ಮಾಡಿದ್ದನ್ನು ಹೆಂಡತಿಯ ಪಕ್ಕ ಹೊಡೆಯಲು ಧೈರ್ಯವಿಲ್ಲದಿದ್ದರೆ ಊರ ಹುಡುಗರ ಕೈಗೆ ಕೊಡುವುದು ಬೇಡ ಅಂದಳಂತೆ.

ಸೋಮಾಚಾರಿ ಮೊದಲು ನಿಂತ. ಆ ಮೀಸೆಯ ಮನುಷ್ಯ ಎತ್ತಿದ ಕೋವಿಯನ್ನು ಮತ್ತೆ ಇಳಿಸಿದನಂತೆ. ಗಿರಿಯವ್ವ ಹೋಗಿ ಅವನ ಭುಜಕ್ಕೆ ಭುಜ ತಾಗಿಸಿ ನಿಂತಳು. ಈ ಕಥೆಯಲ್ಲಿ ನನಗೆ ಬಹಳ ಪ್ರೀತಿಯ ಜಾಗ ಇದೇ.

"ಹೊಡೀರಿ," ಅಂದಳು. "ನಾ ಕೇಳೇನಿ. ಛಲೋ ಐತಿ."

ಅವನು ಹೊಡೆದ. ಆರಕ್ಕೆ ಆರೂ ನೆಟ್ಟಗೆ ಆಕಾಶಕ್ಕೆ ಹೋದವು. ಆಮೇಲೆ ಮುಂದಿನ ಮನೆಯವನು, ಅವನ ಹೆಂಡತಿ. ಆಮೇಲೆ ಇನ್ನೊಬ್ಬ, ಅವನ ಹೆಂಡತಿ. ಒಬ್ಬಳೂ ಹಿಂದೆ ಸರಿಯಲಿಲ್ಲ, ಒಬ್ಬಳೂ ಕಣ್ಣು ಮುಚ್ಚಲಿಲ್ಲ. ಕೊನೆಯ ಸದ್ದು ಅಡಗಿದ ಮೇಲೆ ಗಿರಿಯವ್ವ ಸೈ ಅಂದಳು. ಕೇರಿ ಉಳಿಯಿತು, ಮದುವೆ ನಡೆಯಿತು, ದಿಬ್ಬಣದ ಹುಡುಗರೆಲ್ಲ ಐದೂ ಬೆರಳಲ್ಲಿ ಊಟ ಕಲಸಿದರು. ಕಾರಭಾರಿ ಮಾತ್ರ ಅವತ್ತು ಮಜ್ಜಿಗೆ ಮುಟ್ಟಲಿಲ್ಲವಂತೆ.

ಈಗ ನಮ್ಮೂರಲ್ಲಿ ಕೋವಿ ಮಾಡುವವರು ಒಬ್ಬರೂ ಇಲ್ಲ. ಆದರೆ ಯಾರ ಮನೆಯ ಮದುವೆಯಾದರೂ ನೋಡಿ, ಚಪ್ಪರ ಹಾಕಿದವನು ಹೆಂಡತಿಯನ್ನು ಕರೆತಂದು ಅದರ ಕೆಳಗೆ ಮೊದಲು ತಾವಿಬ್ಬರೂ ಕೂರಬೇಕು. ಅಡುಗೆಯವನು ಹೆಂಡತಿಯ ಜೊತೆ ಕೂತು ಮೊದಲ ತುತ್ತು ಉಣ್ಣಬೇಕು. ಲೈಟಿನವನು, ದಿಬ್ಬಣದ ಟ್ರ್ಯಾಕ್ಟರಿನವನು, ಯಾರಿಗೂ ಬಿಡುಗಡೆಯಿಲ್ಲ. ಹೊರಗಿನಿಂದ ಬಂದ ಪುರೋಹಿತರು ಗಡಿಯಾರ ನೋಡಿ ಮುಹೂರ್ತ ಮೀರಿತು ಅಂತ ಚಡಪಡಿಸುತ್ತಾರೆ, ಚಡಪಡಿಸಲಿ. ಸೇರಿದ ಜನ ಅವರನ್ನು ನೋಡುವುದಿಲ್ಲ, ಆ ಹೆಂಡತಿಯರ ಮುಖ ನೋಡುತ್ತಿರುತ್ತಾರೆ. ಅವರು ನಕ್ಕರು ಅಂದರೆ ಊರಿಗೆ ಊರೇ ಸೈ ಅಂತ ಕೂಗುತ್ತದೆ, ಆಗ ವಾಲಗ ಶುರು.