ಅರಸರ ಕಾರಿನ ಫಿಲ್ಟರ್

ನಿವೃತ್ತ ಪ್ರಾಂಶುಪಾಲ ನಂಜರಾಜೇ ಅರಸರ ಕಾರಿನಲ್ಲಿ ಎ.ಸಿ. ಗಾಳಿ ನಿಂತೇಹೋಯಿತು. ಅವರು ಮನೆಯವರೆಲ್ಲ ಕೇಳುವಂತೆ ಡ್ರೈವರನ ಮೇಲೆ ಹರಿಹಾಯ್ದರು.

"ನೀನೇ ಏನೋ ಮಾಡಿ ಕೆಡಿಸಿದ್ದೀಯ. ಬೀಗದ ಕೈ ಕೊಟ್ಟು ಹೊರಡು!"

"ಆಗಲಿ ಬುದ್ಧಿ. ಕೆಡಿಸಿದವರು ಮತ್ತೆ ಕಾರು ಮುಟ್ಟಬಾರದು, ಅಲ್ಲವೇ?"

"ಯಾರೇ ಆಗಲಿ, ಮುಟ್ಟಕೂಡದು!"

"ಹಾಗಾದರೆ ಹೋಗುವ ಮುಂಚೆ ಗಾಳಿ ಸೋಸುವ ಫಿಲ್ಟರನ್ನು ಒಮ್ಮೆ ತೋರಿಸಿಬಿಡುತ್ತೇನೆ."

ಡ್ರೈವರ್ ಗ್ಲೋವ್ ಬಾಕ್ಸ್ ಕಳಚಿ, ಅದರ ಹಿಂದಿನಿಂದ ಫಿಲ್ಟರನ್ನು ಎಳೆದ. ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗೇ ಅದು ಭದ್ರವಾಗಿ ಕುಳಿತಿತ್ತು.

ಅರಸರ ಮುಖ ಕಪ್ಪಿಟ್ಟಿತು. ಹೊಸ ಸೋಫಾ, ಟಿ.ವಿ. ರಿಮೋಟು, ಯಾವುದರ ಕವರನ್ನೂ ತೆಗೆಯಲು ಬಿಡದ ಅವರು, ಮೊನ್ನೆ ಆಯುಧಪೂಜೆಯ ದಿನ ಈ ಫಿಲ್ಟರನ್ನು ತಾವೇ ಕೂರಿಸಿದ್ದರು. ಧೂಳು ಹಿಡಿದೀತೆಂದು ಕವರು ಬಿಚ್ಚಿರಲಿಲ್ಲ.

"ಯಾರು ಹಾಕಿದ್ದೋ, ನನಗೇನು ಗೊತ್ತು ಬುದ್ಧಿ," ಎಂದು ಡ್ರೈವರ್ ನೆಲ ನೋಡಿದ.

ಮನೆ ಬಾಗಿಲಲ್ಲಿ ನಿಂತಿದ್ದ ಅರಸರ ಪತ್ನಿ ಸುಮ್ಮನಿರಲಿಲ್ಲ. "ಗೊತ್ತಿಲ್ಲದೆ ಏನು? ಸ್ಕ್ರೂಡ್ರೈವರ್ ಹಿಡಿದು ಫೋಟೋ ತೆಗೆಸಿಕೊಂಡಿದ್ದು ಇವರೇ!"

ಅರಸರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೀಗದ ಕೈ ನಿನ್ನ ಹತ್ತಿರವೇ ಇರಲಿ," ಎಂದರು ಕಡೆಗೆ. "ಸ್ವಲ್ಪ ಬಾಗಿಲು ತೆಗೆಯಪ್ಪ, ನಾನು ಕಾರು ಮುಟ್ಟುವ ಹಾಗಿಲ್ಲ."