ಅಮಾವಾಸ್ಯೆಯ ದಿನ ಕತ್ತಲಾದ ಮನೆ

"ಗುರುಗಳೇ, ದೀಪಾವಳಿಯ ಅಮಾವಾಸ್ಯೆಯಂದು ಉರಿಯುವ ದೀಪವನ್ನು ಆರಿಸಿದರೆ ಲಕ್ಷ್ಮಿ ಹೊಸ್ತಿಲಿನಿಂದಲೇ ಹಿಂತಿರುಗುತ್ತಾಳಂತೆ. ಆದರೂ ನೀವು ಊರೊಳಗಿನ ಪೂಜೆಗೆ ಹೊರಡುವ ಮುನ್ನ ಮಠದ ಬಣ್ಣದ ದೀಪಗಳನ್ನೆಲ್ಲ ಆರಿಸಿದಿರಿ. ಇದು ಸರಿಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಡೆಯುತ್ತಲೇ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನಿಗೆ ಭಕ್ತಿಯಿತ್ತು, ಇಲ್ಲವೆನ್ನಲಾರೆ. ಎದುರು ಮನೆಯವನ ದೀಪಕ್ಕಿಂತ ತನ್ನದು ಕಡಿಮೆಯಾಗಬಾರದೆಂಬ ಹಟವೂ ಅಷ್ಟೇ ಇತ್ತು. ಆ ಅಮಾವಾಸ್ಯೆಗೆ ಅವನು ನಡುಮನೆಯಲ್ಲಿ ಲಕ್ಷ್ಮಿಯ ಕಲಶವಿಟ್ಟು ರೇಷ್ಮೆ ಸೀರೆ ಉಡಿಸಿದ. ಸುತ್ತಲೂ ಕರೆಂಟಿನ ದೀಪದ ಸರಗಳನ್ನು ಇಳಿಬಿಟ್ಟು, ಎಲ್ಲವನ್ನೂ ಒಂದೇ ಪ್ಲಗ್ಗಿಗೆ ಸಿಕ್ಕಿಸಿದ. ಉದ್ದ ಹೆಚ್ಚಾದ ಸರವನ್ನು ಉಂಡೆಯಾಗಿ ಸುತ್ತಿ ಸೀರೆಯ ಹಿಂದೆ ತುರುಕಿದ. ನೋಡಿದವರು ಕೈಮುಗಿದರು. ಅಷ್ಟು ಚೆನ್ನಾಗಿತ್ತು.

ಸಂಜೆ ಅವನು ಹೆಂಡತಿಯೊಡನೆ ಅಂಗಡಿಯ ಪೂಜೆಗೆ ಹೊರಟ. ಬಾಣಂತನಕ್ಕೆ ಬಂದಿದ್ದ ಮಗಳು ಮಗುವಿನೊಂದಿಗೆ ಮನೆಯಲ್ಲೇ ಉಳಿಯಬೇಕಿತ್ತು.

"ಅಪ್ಪ, ಆ ಲೈಟಿನ ಸರ ಆರಿಸಿ ಹೋಗಿ. ಮುಟ್ಟಿದ್ರೆ ಸುಡ್ತಾ ಇದೆ," ಎಂದಳು ಮಗಳು.

"ಅಮಾವಾಸ್ಯೆ ದಿನ ಯಾರಾದ್ರೂ ದೀಪ ಆರಿಸ್ತಾರೇನಮ್ಮ? ಲಕ್ಷ್ಮಿ ಬರೋ ಹೊತ್ತು, ಸುಮ್ನಿರು," ಎಂದ ವ್ಯಾಪಾರಿ.

ಅವನ ಅಜ್ಜಿ ಹಣತೆಗಳನ್ನು ಆರಿಸುತ್ತಿರಲಿಲ್ಲ, ನಿಜ. ಹಣತೆಗೆ ಹಾಕಿದ ಎಣ್ಣೆ ಮುಗಿಯುತ್ತಿತ್ತು, ಅದು ತಾನಾಗಿಯೇ ಶಾಂತವಾಗುತ್ತಿತ್ತು. ಅಜ್ಜಿ ಅಲ್ಲಿಯವರೆಗೆ ಎದುರಿಗೆ ಕುಳಿತಿರುತ್ತಿದ್ದಳು. ಕರೆಂಟಿಗೆ ಮುಗಿಯುವ ಎಣ್ಣೆಯಿಲ್ಲ. ಎಲ್ಲಿಯದೋ ನದಿ ಧುಮ್ಮಿಕ್ಕಿದ ಬಲ ಬೆಟ್ಟ ಬಯಲು ದಾಟಿ ಮನೆಗೆ ಬಂದು, ನೂಲಿನಂಥ ತಂತಿಯೊಳಗೆ ಮಿನುಗುತ್ತದೆ. ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ವ್ಯಾಪಾರಿ ಅದನ್ನು ಹಣತೆಯೆಂದೇ ತಿಳಿದ.

ಪೂಜೆ ಮುಗಿಸಿ ಬಂದಾಗ ಬೀದಿಯೆಲ್ಲ ಬೆಳಗುತ್ತಿತ್ತು. ಅವನ ಮನೆಯೊಂದೇ ಕತ್ತಲಾಗಿತ್ತು. ಮನೆಯ ಮುಂದೆ ಜನ ಖಾಲಿ ಬಿಂದಿಗೆ ಹಿಡಿದು ನಿಂತಿದ್ದರು. ಸಿಟ್ಟಿನ ಭರದಲ್ಲಿ ಅವನು ಅದನ್ನೂ ಗಮನಿಸಲಿಲ್ಲ.

"ದೀಪ ಆರಿಸಿದ್ದು ಯಾರು?" ಎಂದು ಗದರಿದ.

"ನಾನೇ ಅಪ್ಪ," ಎಂದಳು ಮಗಳು. ಹೊಗೆಯ ವಾಸನೆ ಬಂದೊಡನೆ ಅವಳು ಮಗುವನ್ನು ಎತ್ತಿಕೊಂಡು, ಬಾಗಿಲ ಬಳಿಯ ಮೇನ್ ಸ್ವಿಚ್ ಆರಿಸಿ ಬೀದಿಗೆ ಬಂದು ಕೂಗಿದ್ದಳು. ಕರೆಂಟು ನಿಂತಿದ್ದರಿಂದ ನೆರೆಯವರು ಧೈರ್ಯವಾಗಿ ನೀರು ಹೊಯ್ದಿದ್ದರು.

ವ್ಯಾಪಾರಿ ಟಾರ್ಚ್ ಹಿಡಿದು ಒಳಗೆ ಹೋದ. ಸೀರೆ ಸುಟ್ಟು ಕರಕಲಾಗಿತ್ತು. ಪ್ಲಗ್ಗು ಕರಗಿ ಗೋಡೆಗೆ ಅಂಟಿತ್ತು. ಪಕ್ಕದ ಕೋಣೆಯ ಪರದೆ ಬೂದಿಯಾಗಿತ್ತು. ಪರದೆಯಾಚೆ ತೂಗುಹಾಕಿದ್ದ ತೊಟ್ಟಿಲ ಹಗ್ಗ ಅರ್ಧ ಬೆಂದಿತ್ತು. ಇಷ್ಟು ಸಣ್ಣ ತಂತಿಯಲ್ಲಿ ಇಷ್ಟು ದೊಡ್ಡ ಬೆಂಕಿ ಇತ್ತೇ ಎಂದು ಅವನು ಬೆರಗಾದ. ಹೊರಗೆ ಬಂದು ಮಗಳೆದುರು ಕುಸಿದು ಕುಳಿತ. ನಿದ್ದೆಹೋಗಿದ್ದ ಮಗುವಿನ ಪಾದವನ್ನು ಕಣ್ಣಿಗೊತ್ತಿಕೊಂಡು ಅತ್ತ.

ಶಿಷ್ಯ ಸ್ವಲ್ಪ ದೂರ ನಡೆದು ಕೇಳಿದ: "ಹಾಗಾದರೆ ಆ ವರ್ಷ ಆ ಮನೆಗೆ ಲಕ್ಷ್ಮಿ ಬರಲೇ ಇಲ್ಲವೇ?"

ಗುರುಗಳು ನಿಂತು ಅವನ ಮುಖ ನೋಡಿದರು.

"ಮನೆ ಕತ್ತಲು ಮಾಡಿ, ಮಗುವನ್ನು ಎತ್ತಿಕೊಂಡು ಹೊರಗೆ ಬಂದವಳು ಯಾರೆಂದುಕೊಂಡೆ?"